ಆರು ಮನೆಯ ಮೀಟರು

ಸ್ಪೀಡಿನ ಮುಳ್ಳು ಮುರಿದು ನಾಲ್ಕು ವರ್ಷ.
ಹಾರ್ನು ಮನಸ್ಸು ಬಂದರೆ ಕೂಗುತ್ತಿತ್ತು.
ಅದರ ಕೆಳಗಿನ ಆರು ಮನೆ ಮಾತ್ರ
ಒಂದು ದಿನ ತಪ್ಪದೆ ಉರುಳಿ ಬಂದವು,
ಬೆಳಗಾವಿಯಿಂದ ವಿಜಯಪುರ, ತಿರುಗಿ ಬೆಳಗಾವಿ,
ಯರಗಟ್ಟಿಯ ಚಹಾ, ಜಮಖಂಡಿಯ ಊಟ.

ಲೋಕಾಪುರ ದಾಟಿದ ಮೇಲೆ
ಬಾನೆಟ್ಟಿನ ಪಕ್ಕ ಬಂದು ನಿಂತೆ.
"ಯಾಕ ಕಸ್ತೂರಕ್ಕಾ, ಟಿಕೇಟ್ ಮುಗದ್ವೇನ?"
ಹಸನಡೋಂಗ್ರಿ ಕೇಳಿದ, ಕಣ್ಣು ರಸ್ತೆಯ ಮೇಲೆ.
ಮೀಟರ್ ನೋಡು, ಅಂದೆ.
ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ
ಒಂಬೈನೂರ ಎಂಬತ್ಮೂರು.
"ಅದಕ್ಕೇನಾತು?"
ಇದು ಮುರಿಯಂಗಿಲ್ಲ, ಅಂದೆ.

ಐನೂರರ ನೋಟು ಚಾಚಿ
ಹನ್ನೆರಡು ರೂಪಾಯಿಯ ಟಿಕೆಟು ಕೇಳುವವರ ಎದುರು
ಇಪ್ಪತ್ತು ವರ್ಷ ನಿಂತವಳು ನಾನು.
ಸಂಖ್ಯೆಗಳಲ್ಲೂ ಚಿಲ್ಲರೆ ಸಿಗುವವು ಇವೆ,
ಎಷ್ಟು ಅಂಗಡಿ ಸುತ್ತಿದರೂ ಸಿಗದವು ಇವೆ.
ಸಾವಿರದೊಳಗೆ ಅಂಥವು ನೂರಾ ಅರವತ್ತೆಂಟು.
ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಿಟ್ಟವಳಿಗೆ ಅಷ್ಟೂ ಬಾಯಿಪಾಠ.
ಡಿಪೋದ ರಾತ್ರಿಗಳಲ್ಲಿ ಹಳೆಯ ವೇಬಿಲ್ಲುಗಳ ಬೆನ್ನ ಮೇಲೆ
ಎರಡರಿಂದ ಒಂಬೈನೂರ ತೊಂಬತ್ತೇಳರ ತನಕ
ಒಂದೊಂದನ್ನೇ ಹಚ್ಚಿ ಭಾಗಿಸಿದ್ದೇನೆ.
ಪ್ರತಿ ಸಲವೂ ಯಾರೋ ಒಬ್ಬರು
ಇಳಿಯದೆ ಸೀಟಿನಲ್ಲಿ ಉಳಿದರು.

ಇನ್ನು ಇಪ್ಪತ್ತು ಕಿಲೋಮೀಟರು ಇಂಥದ್ದು ಬರುವುದಿಲ್ಲ.

ಸಿಮೆಂಟಿನ ಲಾರಿಗಳು ಎದುರಾದವು,
ಬೇವಿನ ಮರಗಳು ಬೂದು ಬಡಿದುಕೊಂಡು ನಿಂತಿದ್ದವು.
ಕೊನೆಯಲ್ಲಿ ತೊಂಬತ್ತೊಂದು ತೋರಿಸಿದಾಗ ನಗು ಬಂತು.
ಒಂದು ಕಾಲಕ್ಕೆ ನನ್ನನ್ನು ಮೋಸಗೊಳಿಸಿದ ಸಂಖ್ಯೆ ಅದು,
ಮುರಿಯದ್ದರ ಗತ್ತು ಮುಖದ ಮೇಲೆ.
ಸಾವಿರಕ್ಕೆ ಮೂರು ಕೂಡಿಸು, ಸಾವಿರದಲ್ಲಿ ಮೂರು ಕಳೆ,
ಎರಡನ್ನೂ ಗುಣಿಸು: ಅದೇ.
ಸಾವಿರದ ಮೂರರೊಳಗೆ ಹದಿನೇಳು ಅಡಗಿ ಕೂತಿದೆ ಎಂದು
ನನಗೆ ಹೊಳೆದದ್ದು ಸವದತ್ತಿ ಟ್ರಿಪ್ಪಿನಲ್ಲಿ,
ಯಾರಿಗೋ ಎರಡು ಸಲ ಟಿಕೆಟು ಹರಿದುಕೊಟ್ಟ ದಿನ.

ಘಟಪ್ರಭೆಯ ಸೇತುವೆಯ ಮೇಲೆ ಆರೂ ಒಂಬತ್ತು.
ಮೂರು ಮೂರು ಸಲ, ಏಳು, ಹನ್ನೊಂದು,
ಹದಿಮೂರು, ಮೂವತ್ತೇಳು,
ಸಂತೆಯ ದಿನದ ಬಸ್ಸಿನಂತೆ ತುಂಬಿ ತುಳುಕುವ ಸಂಖ್ಯೆ.
ಆಮೇಲೆ ಆರೂ ಮನೆ ಒಟ್ಟಿಗೆ ಹೊರಳಿದವು.
ಹತ್ತು ಲಕ್ಷಕ್ಕೆ ಏಳನೆಯ ಮನೆ ಯಾರೂ ಕಟ್ಟಿರಲಿಲ್ಲ.

"ಹೊಸಾ ಗಾಡಿ ಆತ ನೋಡ!" ಹಸನಡೋಂಗ್ರಿ ತೊಡೆ ತಟ್ಟಿದ.
ಸೋಮವಾರ ಇದು ಗುಜರಿಗೆ ಹೋಗುವುದು
ಇಬ್ಬರಿಗೂ ಗೊತ್ತಿತ್ತು.
ಸೊನ್ನೆಯನ್ನು ಎಷ್ಟು ಜನಕ್ಕಾದರೂ ಹಂಚಬಹುದು,
ಜಗಳವಿಲ್ಲ, ಶೇಷವಿಲ್ಲ,
ಕೈಗೆ ಬಂದದ್ದೂ ಏನಿಲ್ಲ.

ಒಂದು ಬಂತು. ಮೀಟರಿನ ಒಂದು ಆ ಗುಂಪಿಗೂ ಸೇರದು, ಈ ಗುಂಪಿಗೂ.
ರಸ್ತೆಯ ಲೆಕ್ಕದಲ್ಲಿ ಅದು ಹತ್ತು ಲಕ್ಷದ ಒಂದು,
ನೂರಾ ಒಂದು ಸಾಲಿನಲ್ಲಿ
ಒಂಬತ್ತು ಸಾವಿರದ ಒಂಬೈನೂರ ಒಂದು ಮಂದಿ.
ಎರಡು ಬಂತು. ಮುರಿಯಲಾರೆ ಅಂದಿತು ಮೀಟರು,
ಸಮ ಎರಡು ಹೋಳು ಅಂದಿತು ರಸ್ತೆ.
ಯಾರನ್ನು ನಂಬುವುದು?

ಮುಧೋಳದ ಮೊದಲ ಮನೆಗಳ ಹತ್ತಿರ ಮೂರು ಬಂತು.
ಹತ್ತು ಲಕ್ಷದ ಮೂರು. ಅದಕ್ಕೂ ಆ ನೂರಾ ಅರವತ್ತೆಂಟನ್ನೂ
ಹಚ್ಚಿ ನೋಡಿದ್ದೇನೆ, ಮುರಿಯುವುದಿಲ್ಲ.
ಬರಿಯ ಮೂರೂ ಮುರಿಯುವುದಿಲ್ಲ.
ನಡೆದದ್ದೆಲ್ಲ ಮರೆತ ಮೀಟರೂ
ಏನೂ ಮರೆಯದ ರಸ್ತೆಯೂ
ಅಲ್ಲಿ ಒಂದೇ ಮಾತು ಹೇಳಿದವು.

ಇದನ್ನು ಹಸನಡೋಂಗ್ರಿಗೆ ಹೇಳಬೇಕೆನ್ನುವಷ್ಟರಲ್ಲಿ ಬ್ರೇಕು.
ಹುಂಜ ಕಂಕುಳಲ್ಲಿಟ್ಟವನೊಬ್ಬ ಟಿಕೆಟಿನ ಬೆನ್ನು ತೋರಿಸಿದ,
ನನ್ನದೇ ಅಕ್ಷರ: ಬಾಕಿ ಏಳು.
"ಅಕ್ಕಾರ, ಹುಂಜಕ್ಕೂ ರೊಕ್ಕಾ ತಗೊಂಡೀರಿ, ಚಿಲ್ಲರ ಕೊಡ್ರಿ."
ಗುಣಿಸಿ ಮುರಿಯದ್ದನ್ನು
ಕೂಡಿಸಿ ತೀರಿಸಬಹುದಲ್ಲ.
ಐದರದೊಂದು ಸಿಕ್ಕಿತು.
ಎರಡರದಕ್ಕೆ ಕೈ ಇನ್ನೂ ಚೀಲದ ತಳದಲ್ಲಿತ್ತು,
ಹುಂಜ ನನ್ನನ್ನೇ ನೋಡುತ್ತಿತ್ತು.